ಬಿಸಿಲಿಗೆ ಉಪ್ಪು, ಮಳೆಗೆ ಭತ್ತ

“ಮೇ ತಿಂಗಳಿನಲ್ಲಿ ಕರಾವಳಿಗೆ ಹೋಗಬಾರದು, ಬೆಂದುಹೋಗುತ್ತೀರಿ, ಜುಲೈ ತಿಂಗಳಿನಲ್ಲಂತೂ ಹೋಗಲೇಬಾರದು, ನೆಂದುಹೋಗುತ್ತೀರಿ” ಎಂದು ನನಗೆ ಬುದ್ಧಿ ಹೇಳಿದವರು ನಮ್ಮ ಕಾಲೇಜಿನ ಭೂಗೋಳದ ಅಧ್ಯಾಪಕರು. ಬೇಯುವುದಕ್ಕೂ ನೆನೆಯುವುದಕ್ಕೂ ಹೊರತಾದ ಡಿಸೆಂಬರ್ ಎಂಬುದೊಂದು ತಿಂಗಳಿದೆಯೆಂದೂ, ವಿವೇಕಿಗಳಾದ ಗೃಹಸ್ಥರು ಹೆಂಡತಿ ಮಕ್ಕಳೊಡನೆ ಪ್ರವಾಸ ಹೊರಡುವುದು ಆಗಲೇ ಎಂದೂ ಅವರು ವಿವರಿಸಿದರು. ಮಾತು ಸರಿಯಾಗಿಯೇ ಇತ್ತು. ಆದರೆ ನಮಗೆ ರಜೆ ದೊರೆಯುವುದು ಮೇ ತಿಂಗಳಿನಲ್ಲಿ. ಗೋಕರ್ಣಕ್ಕೆ ಹೋಗಿಬರಬೇಕೆಂಬ ನನ್ನ ತಾಯಿಯವರ ಹರಕೆ ಹಲವು ವರ್ಷಗಳಷ್ಟು ಹಳೆಯದು. ಹೀಗಾಗಿ 2023ರ ಮೇ ಮೊದಲ ವಾರದಲ್ಲಿ ತಾಯಿಯವರು, ನಾನು, ನನ್ನಾಕೆ, ಎಂಟು ವರ್ಷದ ಮಗಳು, ಈ ನಾಲ್ವರೂ ಬೆಂಗಳೂರನ್ನು ಬಿಟ್ಟು, ಒಂದು ಬೆಳಗಿನ ಹೊತ್ತು ಕುಮಟೆಯ ನಿಲ್ದಾಣದಲ್ಲಿ ರೈಲಿನಿಂದ ಇಳಿದೆವು.

ಇಳಿದ ಐದೇ ನಿಮಿಷಗಳಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಸೂರ್ಯ ಇನ್ನೂ ತೆಂಗಿನ ತಲೆಗಳ ಮೇಲಕ್ಕೆ ಏರಿರಲಿಲ್ಲ. “ಇಷ್ಟು ಬೇಗ ಬಿಸಿಲೇ?” ಎಂದೆ. ನಮ್ಮನ್ನು ಕರೆದೊಯ್ಯಲು ಬಂದಿದ್ದ ಹಿರಿಯರು ನಕ್ಕು, “ಇದು ಬಿಸಿಲಲ್ಲ, ಪ್ರೊಫೆಸರ್ರೇ, ಸೆಕೆ” ಎಂದರು.

ಅವರು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತೈದು ವರ್ಷ ಕಲಿಸಿ ನಿವೃತ್ತರಾದವರು, ಊರಿಗೆಲ್ಲ ‘ಮಾಸ್ತರು’. ಕನ್ನಡ ಎಂ. ಎ. ಮಾಡಿದ ನನಗೆ ಅವರು ಆ ಒಂದು ಮಾತಿನಲ್ಲಿ ಒಂದು ಪಾಠವನ್ನೇ ಹೇಳಿಬಿಟ್ಟರು. ಬಯಲುಸೀಮೆಯವನ ಬಾಯಲ್ಲಿ ಬಿಸಿಲು ಇದೆ, ಧಗೆ ಇದೆ, ಝಳವಿದೆ. ಕರಾವಳಿಯವನಿಗೆ ಬೇಕಾದ ಮಾತು ಸೆಕೆ. ಬಿಸಿಲಿಗೆ ಆಕಾಶ ಸಾಕು. ಸೆಕೆಗೆ ಆಕಾಶದ ಜೊತೆಗೆ ಕಡಲೂ ಬೇಕು. ಕಾವು ಮತ್ತು ತೇವ ಎಂಬ ಎರಡು ಸಂಗತಿಗಳನ್ನು ಒಂದೇ ಎರಡಕ್ಷರದಲ್ಲಿ ಹಿಡಿದಿಟ್ಟ ಪದವದು. ರಾಯಚೂರಿನ ನಲವತ್ತು ಡಿಗ್ರಿಯಲ್ಲಿ ಬೆವರು ಬಂದದ್ದೇ ಆರಿಹೋಗಿ ಮೈ ತಣಿಯುತ್ತದೆ. ಇಲ್ಲಿ ಮೂವತ್ತನಾಲ್ಕರಲ್ಲಿಯೇ ಬೆವರು ಆರಲೊಲ್ಲದೆ ಧಾರೆಯಾಗಿ ಇಳಿಯುತ್ತದೆ; ಗಾಳಿಯಲ್ಲಿ ಆಗಲೇ ನೀರು ತುಂಬಿರುವಾಗ ನಮ್ಮ ಬೆವರಿಗೆ ಅಲ್ಲಿ ಎಡೆಯೆಲ್ಲಿ? ಹವಾಮಾನ ಇಲಾಖೆಯವರೂ ಇದನ್ನು ಬಲ್ಲರು. ‘ಉಷ್ಣ ಅಲೆ’ ಎಂದು ಸಾರಲು ಬಯಲಿನಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕೆಂಬುದು ಅವರ ನಿಯಮ. ಕರಾವಳಿಗಾದರೆ 37 ಸಾಕು, ಅದು ಆ ಕಾಲದ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು, ಅಷ್ಟೆ.

ಪೇಟೆಯಿಂದ ಹೊರಟ ರಿಕ್ಷಾ ಹೆದ್ದಾರಿಗೆ ಬಂದಾಗ ದಾರಿಯ ಎರಡು ಬದಿಯಲ್ಲಿಯೂ ಈರುಳ್ಳಿಯ ಮಾಲೆಗಳು ತೂಗುತ್ತಿದ್ದವು. ಕುಮಟೆಯ ಸಿಹಿ ಈರುಳ್ಳಿಯನ್ನು ಹೀಗೆ ಜಡೆಯಂತೆ ಹೆಣೆದು ಮಾರುವುದು ಇಲ್ಲಿಯ ಬೇಸಗೆಯ ಅಲಂಕಾರ. ಮಗಳು ಒಂದು ಮಾಲೆಯನ್ನು ಕೊರಳಿಗೆ ಹಾಕಿಕೊಳ್ಳಬೇಕೆಂದು ಹಟಹಿಡಿದಳು. “ಮಳೆಯ ಒಂದು ಹನಿ ತಾಗಲಿ, ಇದೆಲ್ಲ ಕೊಳೆತುಹೋಗುತ್ತದೆ” ಎಂದು ಮಾಸ್ತರು ಚೌಕಾಸಿ ಮಾಡುತ್ತಲೇ ಹೇಳಿದರು. ಆ ಮಾತಿನ ಅರ್ಥ ನನಗೆ ಮುಂದೆ ತಿಳಿಯಿತು.

*

ಅಘನಾಶಿನಿ ಎಂದರೆ ಪಾಪವನ್ನು ನಾಶಮಾಡುವವಳು. ಶಿರಸಿಯ ಬಳಿಯ ಘಟ್ಟದ ಮೇಲೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು, ತದಡಿಯ ಬಳಿ ಈ ನದಿ ಅರಬೀ ಸಮುದ್ರವನ್ನು ಕೂಡುತ್ತದೆ. ದಾರಿಯಲ್ಲಿ ಎಲ್ಲಿಯೂ ದೊಡ್ಡ ಅಣೆಕಟ್ಟಿನ ತಡೆಯಿಲ್ಲ. ಮಿರ್ಜಾನದ ಕೋಟೆಯನ್ನು ದಾಟಿದ ಮೇಲೆ ಹೊಳೆ ತನ್ನ ಅವಸರವನ್ನೆಲ್ಲ ಮರೆತು ಅಗಲವಾಗಿ ಹರಡಿಕೊಳ್ಳುತ್ತದೆ. ಇತ್ತ ದಡ, ಅತ್ತ ಕುದ್ರು, ನಡುವೆ ಕಾಂಡ್ಲಾ ಗಿಡಗಳ ಹಸುರು. ಎಲ್ಲಿ ಹೊಳೆ ಮುಗಿಯಿತು, ಎಲ್ಲಿ ಕಡಲು ಮೊದಲಾಯಿತು ಎಂದು ಬೆರಳಿಟ್ಟು ತೋರಿಸುವಂತಿಲ್ಲ. ದಿನಕ್ಕೆ ಎರಡು ಬಾರಿ ಭರತದೊಡನೆ ಉಪ್ಪುನೀರು ಒಳಗೆ ಬರುತ್ತದೆ, ಎರಡು ಬಾರಿ ಇಳಿತದೊಡನೆ ಹಿಂದಕ್ಕೆ ಸರಿಯುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಯನ್ನು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು.

ಗೋಕರ್ಣದಲ್ಲಿ ತಾಯಿಯವರ ಹರಕೆ ತೀರಿತು. ಮರಳುವಾಗ ಅವರು ಇನ್ನೊಂದು ಬೇಡಿಕೆ ಮುಂದಿಟ್ಟರು: ಸಾಣಿಕಟ್ಟೆಯ ಉಪ್ಪು ಬೇಕು, ಉಪ್ಪಿನಕಾಯಿಗೆ ಅದರಂಥದು ಇನ್ನೊಂದಿಲ್ಲ. ಹಾಗೆ ನಾವು ಉಪ್ಪಿನ ಆಗರಕ್ಕೆ ಹೋದೆವು.

ನಡುಹಗಲು. ಕಣ್ಣು ಹಾಯುವಷ್ಟು ದೂರ ನೆಲವನ್ನು ಚೌಕ ಚೌಕವಾಗಿ ಕೊಯ್ದು ನೀರು ನಿಲ್ಲಿಸಿದ್ದಾರೆ. ಭರತದ ನೀರನ್ನು ಮೊದಲು ದೊಡ್ಡ ಹೊಂಡಕ್ಕೆ ಬಿಟ್ಟುಕೊಂಡು, ಅಲ್ಲಿಂದ ಮಡಿಯಿಂದ ಮಡಿಗೆ ಸಾಗಿಸುತ್ತ ಹೋಗುತ್ತಾರೆ. ಬಿಸಿಲಿಗೂ ಗಾಳಿಗೂ ನೀರು ಆರುತ್ತ, ಉಳಿದದ್ದು ಗಟ್ಟಿಯಾಗುತ್ತ, ಕೊನೆಯ ಮಡಿಯಲ್ಲಿ ಹರಳು ಕಟ್ಟುತ್ತದೆ. ಬೇರೆ ಇಂಧನವಿಲ್ಲ, ಯಂತ್ರವಿಲ್ಲ. ಉದ್ದ ಹಿಡಿಯ ಮರದ ಹಲಗೆಯಿಂದ ಹೆಂಗಸರು ಅದನ್ನು ಬಳಿದು ಗುಡ್ಡೆ ಹಾಕುತ್ತಿದ್ದರು. ಆ ಬೆಳ್ಪಿನ ಮೇಲೆ ಬಿದ್ದ ಬಿಸಿಲು ತಿರುಗಿ ಮುಖಕ್ಕೆ ರಾಚುತ್ತಿತ್ತು.

“ಈ ಬಿಸಿಲಿನಲ್ಲಿ ಹೇಗಕ್ಕಾ ನಿಲ್ಲುತ್ತೀರಿ?” ಎಂದು ನನ್ನಾಕೆ ಒಬ್ಬರನ್ನು ಕೇಳಿದಳು.

“ನೆತ್ತಿ ಸುಟ್ಟರೇ ಉಪ್ಪು ಬರೂದು, ತಂಗೀ” ಎಂದರು ಅವರು. ಬಳಿಕ ಸೆರಗಿನಿಂದ ಮುಖ ಒರೆಸಿಕೊಂಡು, “ಬಿಸಿಲಿಗೆ ಹೆದರುವವರು ನಾವಲ್ಲ. ಮೋಡ ಕಂಡರೆ ಎದೆ ಒಡೀತದೆ. ಮೂರು ತಿಂಗಳ ಕೆಲಸ ಒಂದು ಮಳೆಗೆ ಕರಗಿಹೋಗ್ತದೆ” ಎಂದರು. ಎರಡು ವರ್ಷ ಹಿಂದೆ, 2021ರ ಮೇ ಮಧ್ಯದಲ್ಲಿ, ತೌಕ್ತೆ ಚಂಡಮಾರುತ ಈ ಕರಾವಳಿಯ ಅಂಚಿನಲ್ಲಿ ಹಾದುಹೋದ ದಿನಗಳನ್ನು ಅವರು ನೆನೆದರು.

1930ರ ಏಪ್ರಿಲ್‌ನಲ್ಲಿ ಇಲ್ಲಿಂದ ಅನತಿ ದೂರದ ಅಂಕೋಲೆಯಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಸುಡುವ ಏಪ್ರಿಲ್ ತಿಂಗಳು ಈ ಕಡಲಂಚಿನಲ್ಲಿ ಉಪ್ಪಿನ ಸುಗ್ಗಿಯ ಕಾಲವೂ ಹೌದೆಂಬುದು ಆ ಮಡಿಗಳ ಅಂಚಿನಲ್ಲಿ ನಿಂತಾಗಲೇ ನನಗೆ ಹೊಳೆದದ್ದು.

*

ಸಂಜೆ ಮಾಸ್ತರ ಮನೆಯ ಜಗಲಿಯಲ್ಲಿ ಮುರುಗಲ ಪಾನಕ ಕುಡಿದು ಸುಧಾರಿಸಿಕೊಂಡ ಮೇಲೆ ಅವರು ನಮ್ಮನ್ನು ಗಜನಿಗೆ ಕರೆದೊಯ್ದರು. ಗಜನಿಯೆಂದರೆ ಹೊಳೆಯ ಅಂಚಿನ ತಗ್ಗುಭೂಮಿ. ಗೋವೆಯವರು ಇಂಥದನ್ನೇ ‘ಖಾಜನ್’ ಎನ್ನುತ್ತಾರೆ. ಮಣ್ಣಿನ ಒಡ್ಡು ಕಟ್ಟಿ ಹೊಳೆಯನ್ನು ಹೊರಗೆ ನಿಲ್ಲಿಸಿರುತ್ತಾರೆ. ಒಡ್ಡು ಒಡೆದರೆ ಭರತದ ನೀರು ಸಲೀಸಾಗಿ ಒಳಗೆ ಬರುವಷ್ಟು ತಗ್ಗು. ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲುಗಳು. ಇಳಿತದಲ್ಲಿ ತೆರೆದರೆ ಒಳಗಿನ ನೀರು ಹೊರಕ್ಕೆ. ಭರತದಲ್ಲಿ ಮುಚ್ಚಿದರೆ ಹೊರಗಿನ ಉಪ್ಪು ಹೊರಗೆ.

ಆಗ ಗಜನಿ ಬರಿದಾಗಿತ್ತು. ಬಿರಿದ ಮಣ್ಣಿನ ಮೇಲೆ ಬೂದಿ ಚೆಲ್ಲಿದಂತೆ ಉಪ್ಪಿನ ಪೊರೆ. ಮಗಳು ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿ ಮುಖ ಹುಳ್ಳಗೆ ಮಾಡಿಕೊಂಡಳು.

“ಇಲ್ಲಿ ಭತ್ತ ಬೆಳೆಯುತ್ತೀರಾ, ಮಾಸ್ತರ್ರೇ?”

“ಬೆಳೆಯುತ್ತೇವೆ. ಕಗ್ಗ.”

ಕನ್ನಡದ ಮೇಷ್ಟ್ರಿಗೆ ಕಗ್ಗವೆಂದರೆ ಬೇರೆಯೇ ಒಂದು ನೆನಪು. ಇಲ್ಲಿ ಅದು ಒಂದು ಭತ್ತದ ತಳಿ. ಮುಂಗಾರು ಹಿಡಿದು ಕೆಲವು ದಿನ ಸುರಿದರೆ ಮಳೆಯ ನೀರು ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಆಗ ಬಾಗಿಲು ತೆರೆದು ಆ ನೀರನ್ನು ಹೊಳೆಗೆ ಬಿಟ್ಟು, ಮೊಳಕೆ ಬರಿಸಿದ ಬೀಜವನ್ನು ಚೆಲ್ಲುತ್ತಾರೆ. ಸ್ವಲ್ಪ ಉಪ್ಪನ್ನು ಕಗ್ಗ ತಾಳಿಕೊಳ್ಳುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ಜೀವ ಬಿಡುವುದಿಲ್ಲ, ಗೊಬ್ಬರ ಬೇಡುವುದಿಲ್ಲ. ಅಕ್ಟೋಬರಿನ ಹೊತ್ತಿಗೆ ಕೊಯ್ಲು. ಆಮೇಲೆ ಬಾಗಿಲನ್ನು ಹೊಳೆಗೆ ತೆರೆದರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ.

ಆಗ ನನಗೆ ಇಡೀ ಊರಿನ ಲೆಕ್ಕ ಒಮ್ಮೆಗೇ ಕಣ್ಣಿಗೆ ಕಟ್ಟಿತು. ಬೇಸಗೆಯ ಕಾವು ಉಪ್ಪನ್ನು ಕಟ್ಟುತ್ತದೆ; ಮಳೆ ಉಪ್ಪನ್ನು ತೊಳೆಯುತ್ತದೆ. ಕಾವಿನ ಪಾಲಿಗೆ ಆಗರ, ಈರುಳ್ಳಿ. ಮಳೆಯ ಪಾಲಿಗೆ ಗಜನಿ, ಭತ್ತ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ನೆಲವಿದು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗಿನ ನಾಲ್ಕೇ ತಿಂಗಳುಗಳದು. ಸೆಕೆಯೂ ಅತಿ, ಮಳೆಯೂ ಅತಿ. ಹೊರಗಿನವರಿಗೆ ಎರಡೂ ಪೀಡೆ. ಆದರೆ ಈ ಎರಡು ಅತಿಗಳ ನಡುವೆ ಬಹು ಹಿಂದಿನಿಂದ ಒಂದು ಒಪ್ಪಂದವಿತ್ತು: ನೀನು ಬರುವಾಗ ನಾನಿರುವುದಿಲ್ಲ, ನಾನು ಬಂದಾಗ ನೀನು ಬರಬಾರದು. ಆ ಒಪ್ಪಂದದ ಮೇಲೆ ಇಲ್ಲಿಯ ಜನ ಬದುಕು ಕಟ್ಟಿಕೊಂಡಿದ್ದರು.

“ಒಪ್ಪಂದ ಈಗ ಸಡಿಲವಾಗಿದೆ” ಎಂದರು ಮಾಸ್ತರು.

*

ರಾತ್ರಿ ಊಟವಾದ ಮೇಲೆ ಅವರು ಒಳಗಿನಿಂದ ಒಂದು ಕಟ್ಟು ಹಳೆಯ ಹಾಜರಿ ಪುಸ್ತಕಗಳನ್ನು ತಂದರು. ಶಾಲೆಯಲ್ಲಿ ಮಿಕ್ಕ ಪುಸ್ತಕಗಳಂತೆ. ಮಕ್ಕಳ ಹೆಸರಿರಬೇಕಾದಲ್ಲಿ ತಾರೀಖು. ಅದರ ಮುಂದೆ ಎರಡು ಕಲಮು. ಒಂದರಲ್ಲಿ ಕೆಂಪು ಶಾಯಿಯಿಂದ ಆ ದಿನದ ಗರಿಷ್ಠ ಉಷ್ಣಾಂಶ, ಇನ್ನೊಂದರಲ್ಲಿ ನೀಲಿ ಶಾಯಿಯಿಂದ ಮಳೆ. ಜಗಲಿಯ ನೆರಳಿನಲ್ಲಿ ತೂಗುಹಾಕಿದ ಉಷ್ಣಮಾಪಕ, ಅಂಗಳದ ನಡುವೆ ನೆಟ್ಟ ಮಳೆಮಾಪಕ. ಸರಕಾರದ ಮಾಪಕಗಳನ್ನು ಓದುವ ಬೆಳಗಿನ ಎಂಟೂವರೆ ಗಂಟೆಗೇ ತಾವೂ ಓದುವುದೆಂದು ಹೆಮ್ಮೆಯಿಂದ ಹೇಳಿದರು. ಮಕ್ಕಳಿಗೆ ಕೂಡುವುದು ಕಳೆಯುವುದು ಕಲಿಸಲೆಂದು ತೊಡಗಿದ ಕೆಲಸ, ನಿವೃತ್ತಿಯ ನಂತರ ನಿತ್ಯಕರ್ಮವಾಗಿತ್ತು.

ನಾನು ಕೆಂಪು ಕಲಮನ್ನು ಮೇಲಿನಿಂದ ಕೆಳಕ್ಕೆ ಓದಿದೆ. ಅಂಥ ವಿಶೇಷವೇನೂ ಕಾಣಲಿಲ್ಲ. ನೀಲಿಯನ್ನೂ ಹಾಗೆಯೇ ಓದಿದೆ. ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ.

“ಹಾಗಲ್ಲ. ನೀವು ಉದ್ದಕ್ಕೆ ಓದುತ್ತಿದ್ದೀರಿ. ಅಡ್ಡಕ್ಕೆ ಓದಬೇಕು” ಎಂದರು ಮಾಸ್ತರು. “ಕೆಂಪು ಎಷ್ಟು ಎಂದು ಕೇಳಬೇಡಿ, ನೀಲಿ ಎಷ್ಟು ಎಂದೂ ಕೇಳಬೇಡಿ. ಕೆಂಪಿನ ಎದುರಿಗೆ ನೀಲಿ ಏನಿದೆ, ಅದನ್ನು ನೋಡಿ. ಬೆಳೆ ಉಳಿಯುವುದೂ ಹೋಗುವುದೂ ಅಡ್ಡಸಾಲಿನಲ್ಲಿ.”

ಬೆರಳಿಟ್ಟು ತೋರಿಸಿದರು. ಮೇ ತಿಂಗಳಿನ ಕೆಂಪು ದೊಡ್ಡದಿರುವುದು ತಪ್ಪಲ್ಲ. ಅದರೆದುರು ನೀಲಿ ಬಂದರೆ ಆಗರದವರಿಗೆ ನಷ್ಟ. ಜುಲೈ ತಿಂಗಳಿನ ನೀಲಿ ದೊಡ್ಡದಿರುವುದು ತಪ್ಪಲ್ಲ. ಆದರೆ ವಾರದ ಮಳೆಯೆಲ್ಲ ಒಂದೇ ದಿನ ಸುರಿದು, ಆ ದಿನ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತವಿದ್ದರೆ, ಒಳಗಿನ ನೀರು ಹೊರಗೆ ಹೋಗಲಾರದೆ ಒಡ್ಡನ್ನೇ ಒಡೆಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮಳೆಗಾಲದ ನಡುವೆ ನೀಲಿ ಖಾಲಿಯಾಗಿ ಕೆಂಪು ಏರುವ ಸಾಲು. ಅಂಥ ಸಾಲುಗಳ ಅಂಚಿನಲ್ಲಿ ಅವರು ಒಂದೊಂದು ಚುಕ್ಕೆ ಇಟ್ಟಿದ್ದರು.

ಬೆಂಗಳೂರಿಗೆ ಮರಳಿದ ಮೇಲೆ ಈ ಅಡ್ಡ ಓದಿನ ಸಂಗತಿಯನ್ನು ಭೂಗೋಳದ ಅಧ್ಯಾಪಕರಿಗೆ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. “ನಿಮ್ಮ ಮಾಸ್ತರು ಹೇಳುವುದನ್ನೇ ಇಂದಿನ ವಿಜ್ಞಾನಿಗಳೂ ಹೇಳುತ್ತಿದ್ದಾರೆ” ಎಂದು ಪಗಡೆಯ ದಾಳಗಳ ದೃಷ್ಟಾಂತ ಕೊಟ್ಟರು. ಹತ್ತು ವರ್ಷಕ್ಕೊಮ್ಮೆ ಬರುವಂಥ ಬಿಸಿಲು, ಹತ್ತು ವರ್ಷಕ್ಕೊಮ್ಮೆ ಬರುವಂಥ ಬರ, ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾಳಗಳಾದರೆ ಎರಡೂ ಒಟ್ಟಿಗೆ ಬೀಳುವುದು ನೂರು ವರ್ಷಕ್ಕೊಮ್ಮೆ. ಆದರೆ ಪ್ರಕೃತಿಯ ದಾಳಗಳನ್ನು ಒಂದು ದಾರದಿಂದ ಕಟ್ಟಿದೆ. ಮೋಡವಿಲ್ಲದಿದ್ದರೆ ಬಿಸಿಲು ಏರುತ್ತದೆ. ಬಿಸಿಲಿಗೆ ಮಣ್ಣು ಒಣಗುತ್ತದೆ. ಒಣಗಿದ ಮಣ್ಣಿನಲ್ಲಿ ಆರಲು ನೀರಿಲ್ಲದೆ ಕಾವೆಲ್ಲ ಗಾಳಿಯನ್ನೇ ಕಾಯಿಸುತ್ತದೆ. ಆದ್ದರಿಂದ ಎರಡು ವಿಪತ್ತುಗಳು ಜೊತೆಯಾಗಿ ಬರುವುದು ಬಿಡಿ ಲೆಕ್ಕ ಹೇಳುವುದಕ್ಕಿಂತ ಹೆಚ್ಚು ಬಾರಿ.

ಇನ್ನೊಂದು ದಾರವೂ ಇದೆ ಎಂದರು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹೊರಬಲ್ಲ ನೀರಾವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಭಾರತ ಸರಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರ ಅವಧಿಯಲ್ಲಿ ದೇಶದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ; 1951ರಿಂದ 2015ರವರೆಗೆ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ. ಅದೇ ಅವಧಿಯಲ್ಲಿ ದೇಶದ ಮುಂಗಾರು ಮಳೆ ಮಾತ್ರ ನೂರಕ್ಕೆ ಆರರಷ್ಟು ಕುಗ್ಗಿದೆ. ಪಶ್ಚಿಮ ಘಟ್ಟದ ಸಾಲಿನಲ್ಲಿ ಆ ಇಳಿಕೆ ಎದ್ದುಕಾಣುತ್ತದೆ. ಮಳೆಗಾಲದ ನಡುವೆ ಒಣ ದಿನಗಳ ಸಾಲು ಹೆಚ್ಚಿದೆ, ಸುರಿದಾಗ ಧೋ ಎಂದು ಸುರಿಯುವುದೂ ಹೆಚ್ಚಿದೆ. ವರ್ಷದ ಮೊತ್ತವನ್ನಷ್ಟೇ ನೋಡುವವನಿಗೆ ಇದು ಯಾವುದೂ ಕಾಣಿಸದು.

*

ಆ ವರ್ಷವೇ ಮಾಸ್ತರ ಮಾತಿಗೆ ಪರೀಕ್ಷೆಯ ವರ್ಷವಾಯಿತು.

ಜೂನ್ ಮೊದಲಿಗೆ ಬರಬೇಕಾದ ಮುಂಗಾರು 2023ರಲ್ಲಿ ಕೇರಳವನ್ನು ಮುಟ್ಟಿದ್ದು 8ರಂದು. ಅರಬೀ ಸಮುದ್ರದಲ್ಲಿ ಎದ್ದ ಬಿಪರ್ಜಾಯ್ ಚಂಡಮಾರುತ ಅದರ ಬಲವನ್ನೆಲ್ಲ ತನ್ನತ್ತ ಎಳೆದುಕೊಂಡಿತ್ತು. ಗಜನಿಯ ಉಪ್ಪು ತೊಳೆಯುವುದು ತಡವಾಯಿತು, ಬಿತ್ತನೆಯೂ ತಡವಾಯಿತು. ಜುಲೈ ತಿಂಗಳಿನಲ್ಲಿ ಮಳೆ ಬಾಕಿಯನ್ನೆಲ್ಲ ತೀರಿಸುವಂತೆ ಸುರಿಯಿತು. ಬಳಿಕ ಆಗಸ್ಟ್ ಬಂದಿತು, ಮಳೆ ಬರಲಿಲ್ಲ.

ಆಗಸ್ಟ್ ಕೊನೆಯ ವಾರದಲ್ಲಿ ಕಾರವಾರದಲ್ಲಿ ಪರೀಕ್ಷೆಯ ಕೆಲಸವಿತ್ತು. ಮುಗಿಸಿಕೊಂಡು ಮಾಸ್ತರ ಮನೆಗೆ ಹೋದೆ. ಮಘೆ ಮಳೆಯ ಕಾಲ. ತೊಯ್ದ ಕೊಡೆಗಳಿಗೆ ಜಗಲಿಯಲ್ಲಿ ಜಾಗ ಸಾಲದಿರಬೇಕಾದ ದಿನಗಳು. ಅಂಗಳದಲ್ಲಿ ಹಪ್ಪಳ ಒಣಹಾಕಿದ್ದರು! ಮಾಸ್ತರು ಮಾತಿಲ್ಲದೆ ಪುಸ್ತಕವನ್ನು ಮುಂದಿಟ್ಟರು. ನೀಲಿ ಕಲಮಿನಲ್ಲಿ ಸೊನ್ನೆಯ ಕೆಳಗೆ ಸೊನ್ನೆ. ಎದುರಿಗೆ ಕೆಂಪು ಮೇಲೇರುತ್ತಿತ್ತು. ಅಂಚಿನಲ್ಲಿ ಚುಕ್ಕೆಯ ಮೇಲೆ ಚುಕ್ಕೆ.

ಅದು ಅವರ ಅಂಗಳದ ಕಥೆ ಮಾತ್ರವಲ್ಲವೆಂದು ಆಮೇಲೆ ತಿಳಿಯಿತು. 1901ರಿಂದ ಲೆಕ್ಕವಿಟ್ಟ ಕಾಲದಲ್ಲಿ ಭಾರತಕ್ಕೆ ಅಷ್ಟು ಕಡಿಮೆ ಮಳೆಯ ಆಗಸ್ಟ್ ಇನ್ನೊಂದಿರಲಿಲ್ಲ. ವಾಡಿಕೆಗಿಂತ ನೂರಕ್ಕೆ 36ರಷ್ಟು ಕೊರತೆ. ಹಗಲಿನ ಉಷ್ಣಾಂಶದಲ್ಲಿಯೂ ಅದೇ ಎಲ್ಲಕ್ಕಿಂತ ಬಿಸಿಯಾದ ಆಗಸ್ಟ್. ಎರಡು ದಾಳಗಳೂ ಒಟ್ಟಿಗೆ ಬಿದ್ದಿದ್ದವು. ಸೆಪ್ಟೆಂಬರ್ ಮಧ್ಯದಲ್ಲಿ ನಮ್ಮ ರಾಜ್ಯ ಸರಕಾರ 195 ತಾಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು.

ಸಂಜೆ ಒಡ್ಡಿನ ಮೇಲೆ ಗಜನಿಯ ಪಾಲುದಾರರೆಲ್ಲ ಸೇರಿದ್ದರು. ನಾನೂ ಹೋದೆ. ಪೈರು ನಿಂತಿತ್ತು, ಆದರೆ ಎಲೆಯ ತುದಿಗಳು ಸುಟ್ಟಂತೆ ಬೆಳ್ಳಗಾಗಿದ್ದವು. ಮಳೆಯ ಸಿಹಿನೀರು ಮೇಲಿನಿಂದ ಒತ್ತದಿದ್ದಾಗ ಮಣ್ಣಿನಾಳದ ಉಪ್ಪು ಬಿಸಿಲಿನ ಸೆಳೆತಕ್ಕೆ ಮೇಲಕ್ಕೆ ಬರುತ್ತದೆ. ಹೊಳೆಯಲ್ಲಿಯೂ ಮಳೆನೀರು ತಗ್ಗಿ ಭರತದ ನೀರು ಕಹಿಯಾಗಿತ್ತು. ಬಾಗಿಲು ತೆರೆದು ಅದನ್ನು ಗದ್ದೆಗೆ ಬಿಡುವಂತಿರಲಿಲ್ಲ.

“ಇನ್ನೇನು ಉಳಿಯಿತು? ಈಗಲೇ ಬಾಗಿಲು ತೆಗೆದು ಸಿಗಡಿಗೆ ಬಿಟ್ಟುಬಿಡುವ. ಗುತ್ತಿಗೆಯವರು ಮುಂಗಡ ಕೊಡಲು ಕಾದಿದ್ದಾರೆ” ಎಂದರು ಒಬ್ಬರು. ಅವರನ್ನು ದೂರುವಂತಿರಲಿಲ್ಲ, ಮಗಳ ಮದುವೆಯ ಸಾಲವಿತ್ತು. ಹಲವರು ತಲೆಯಾಡಿಸಿದರು. ಗಜನಿಯಲ್ಲಿ ಒಬ್ಬನ ಗದ್ದೆಗೆ ಬೇರೆ, ಇನ್ನೊಬ್ಬನ ಗದ್ದೆಗೆ ಬೇರೆ ಬಾಗಿಲಿಲ್ಲ. ತೆರೆದರೆ ಎಲ್ಲರಿಗೂ ತೆರೆದಂತೆ. ಉಪ್ಪುನೀರು ಒಮ್ಮೆ ಹೊಕ್ಕರೆ ಆ ವರ್ಷದ ಪೈರು ಮುಗಿಯಿತು. ಪೈರಿನೊಡನೆ ಬೀಜವೂ ಮುಗಿಯಿತು. ಕಗ್ಗದ ಬೀಜ ಅಂಗಡಿಯಲ್ಲಿ ಸಿಗುವಂಥದಲ್ಲ. ಒಂದು ವರ್ಷ ಬಿತ್ತದಿದ್ದರೆ ಮರುವರ್ಷ ಯಾರ ಮನೆಯ ಬಾಗಿಲಿಗೆ ಹೋಗಬೇಕು?

ಮಾಸ್ತರು ಕಂಕುಳಿನಲ್ಲಿದ್ದ ಪುಸ್ತಕವನ್ನು ಬಿಡಿಸಿದರು. ಭಾಷಣ ಮಾಡಲಿಲ್ಲ. “ನನಗೆ ಮಳೆ ತರಿಸಲು ಬರುವುದಿಲ್ಲ” ಎಂದರು. “ಆದರೆ ಇಂಥ ಚುಕ್ಕೆಯ ಸಾಲು ಹಿಂದೆಯೂ ಬಂದಿದೆ, ಹುಬ್ಬೆ ಉತ್ತರೆಯಲ್ಲಿ ನೀಲಿ ಮರಳಿದ ವರ್ಷಗಳೂ ಇವೆ, ಮರಳದ ವರ್ಷಗಳೂ ಇವೆ. ಗುತ್ತಿಗೆಯವರು ಅಕ್ಟೋಬರಿನಲ್ಲಿಯೂ ಬರುತ್ತಾರೆ. ಭತ್ತ ಅಕ್ಟೋಬರಿನಲ್ಲಿ ಮತ್ತೆ ಹುಟ್ಟುವುದಿಲ್ಲ. ಹದಿನೈದು ದಿನ ತಡೆಯುವ.”

ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಸಾಲದ ಮನೆಯವರೇ, “ಆಯಿತು ಮಾಸ್ತರ್ರೇ, ಹದಿನೈದು ದಿನ. ಹದಿನಾರನೆಯ ದಿನ ನನ್ನನ್ನು ಕೇಳಬೇಡಿ” ಎಂದರು. ನಾನು ಮರುದಿನ ಹೊರಟುಬಂದೆ. ಇಂಥ ಮಾತಿನ ನಡುವೆ ಬೆಂಗಳೂರಿನ ಅತಿಥಿ ಹೇಳಬಹುದಾದದ್ದು ಏನೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಮಳೆ ಮರಳಿತು. ನವೆಂಬರಿನಲ್ಲಿ ಮಾಸ್ತರ ಮಗಳು ನಮ್ಮ ಮನೆಗೆ ಬಂದಾಗ ಒಂದು ಸಣ್ಣ ಚೀಲ ಕಗ್ಗದ ಅಕ್ಕಿ ತಂದಿದ್ದಳು. ಬೆಳೆ ಅರ್ಧಕ್ಕೂ ಕಡಿಮೆ ಬಂದಿತ್ತಂತೆ. ಬಂದದ್ದರಲ್ಲಿ ಎಲ್ಲರೂ ಮೊದಲು ಬೀಜಕ್ಕೆಂದು ಎತ್ತಿಟ್ಟು, ಉಳಿದುದನ್ನು ಹಂಚಿಕೊಂಡರಂತೆ. ಕೆಂಪು ಅಕ್ಕಿಯ ಆ ಗಂಜಿಗೆ ನನ್ನ ತಾಯಿಯವರು ಸಾಣಿಕಟ್ಟೆಯ ಉಪ್ಪನ್ನೇ ಹಾಕಿದರು. ಬಿಸಿಲಿನ ಕೂಸೂ ಮಳೆಯ ಕೂಸೂ ಒಂದೇ ಬಟ್ಟಲಿನಲ್ಲಿದ್ದವು.

*

ಅಂದಿನಿಂದ ನಾನೂ ಪತ್ರಿಕೆಯಲ್ಲಿ ಹವಾಮಾನದ ಸುದ್ದಿಯನ್ನು ಅಡ್ಡಕ್ಕೆ ಓದಲು ಕಲಿಯುತ್ತಿದ್ದೇನೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿಯ ಪಾಲುಮಾಡಿದಾಗ ನನಗೆ ಆ ಪುಸ್ತಕದ ನೀಲಿ ಕಲಮು ನೆನಪಾಯಿತು. ಬಿಡದೆ ಸುರಿದ ಮಳೆಯ ಎದುರಿಗೆ ರಸ್ತೆಗಾಗಿ ಕೊರೆದ ಗುಡ್ಡವೂ ಇತ್ತು. ಅಲ್ಲಿಯೂ ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಅರ್ಥವಾಗದು.

2025ರಲ್ಲಿ ಮುಂಗಾರು ಮೇ 24ರಂದೇ ಕೇರಳವನ್ನು ಮುಟ್ಟಿತು. ಎರಡೇ ದಿನಗಳಲ್ಲಿ ನಮ್ಮ ಕರಾವಳಿಯನ್ನು ದಾಟಿ ಮುಂಬಯಿಯನ್ನೂ ಸೇರಿತು. ಬೆಂಗಳೂರಿನಲ್ಲಿ ಎಲ್ಲರೂ ಸಂತೋಷಪಟ್ಟರು. ನಾನು ಮಾಸ್ತರಿಗೆ ಫೋನು ಮಾಡಿದೆ. “ಆಗರದಲ್ಲಿ ಕೊನೆಯ ಉಪ್ಪು ಕರಗಿತು” ಎಂದರು. “ಗಜನಿಗೆ ಒಳ್ಳೆಯದಾಯಿತು, ಇಷ್ಟು ಬೇಗ ಮಣ್ಣು ತೊಳೆದದ್ದನ್ನು ನಾನು ಕಂಡದ್ದಿಲ್ಲ.”

“ಹಾಗಾದರೆ ಬಿತ್ತನೆ?”

“ಎಲ್ಲರೂ ಬಿತ್ತುವ ಎನ್ನುತ್ತಿದ್ದಾರೆ. ನಾನು ಬೇಡ ಎಂದಿದ್ದೇನೆ. ನೀಲಿ ಬಂದಿದೆ ನಿಜ, ಆದರೆ ಮೇ ತಿಂಗಳ ಕೆಂಪು ಇನ್ನೂ ಹೋಗಿಲ್ಲ. ನೋಡುವ.”

ಅವರು ಹೇಳಿದಂತೆಯೇ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಮುಂಗಾರಿನ ಮುನ್ನಡೆ ನಿಂತುಹೋಯಿತು. ಮೊದಲ ಮಳೆಗೇ ಮೊಳಕೆ ಚೆಲ್ಲಿದ್ದರೆ ಆ ಬಿಸಿಲಿಗೆ ಅದರ ಗತಿ ಏನಾಗುತ್ತಿತ್ತೋ! ಮಳೆ ಮತ್ತೆ ಹಿಡಿದ ಮೇಲೆ ಬಿತ್ತಿದರಂತೆ. ಸಾಲದ ಮನೆಯವರು ಎಲ್ಲರಿಗಿಂತ ಮೊದಲು ಬೀಜ ಹಿಡಿದು ಬಂದರಂತೆ.

ಕರಾವಳಿಗೆ ಯಾವಾಗ ಹೋಗಬೇಕೆಂದು ಈಗ ನನ್ನನ್ನೂ ಮಿತ್ರರು ಕೇಳುವುದುಂಟು. ಡಿಸೆಂಬರಿನಲ್ಲಿ ಹೋಗಿರೆಂದು ನಾನು ಹೇಳುವುದಿಲ್ಲ. ಒಮ್ಮೆ ಮೇ ತಿಂಗಳಿನಲ್ಲಿ ಹೋಗಿ, ಉಪ್ಪು ಕೊಳ್ಳಿ; ಅದೇ ಊರಿಗೆ ಇನ್ನೊಮ್ಮೆ ಮಳೆಗಾಲದಲ್ಲಿ ಹೋಗಿ, ಪೈರನ್ನು ನೋಡಿ. ಒಂದು ಸಲ ಹೋದವರಿಗೆ ಆ ನಾಡಿನ ಅರ್ಧವೇ ಕಾಣುತ್ತದೆ. ಮಗಳಿಗೂ ನಾನು ಒಂದು ಹಾಜರಿ ಪುಸ್ತಕ ತಂದುಕೊಟ್ಟಿದ್ದೇನೆ. ನಮ್ಮ ಮಹಡಿಯ ಮೇಲೆ ಅವಳ ಮಳೆಮಾಪಕವಿದೆ. ದಿನವೂ ಬೆಳಗ್ಗೆ ಎಂಟೂವರೆಗೆ, ಶಾಲೆಯ ವ್ಯಾನು ಬರುವ ಮೊದಲು, ಎರಡು ಬಣ್ಣದ ಶಾಯಿಯಿಂದ ಬರೆಯುತ್ತಾಳೆ.